ಒಲೆ ಸೇರುವ ಹೂ



2017ರ ಫೆಬ್ರವರಿ 26 ಸಾಧಾರಣ ಕಾಲದ ಎಂಟನೆಯ ಭಾನುವಾರ. ಅಂದು ಓದಬೇಕಾದ ಶುಭಸಂದೇಶ ಮತ್ತಾಯನ ಆರನೆಯ ಅಧ್ಯಾಯದ್ದು. ಊಟ ಉಡುಪಿನ ಚಿಂತೆ ಬಿಟ್ಟು ಹೊಲದ ಹೂಗಳನ್ನು ನೋಡಿ ಕಲಿಯಿರಿ ಎಂದು ಯೇಸುಸ್ವಾಮಿ ಹೇಳಿದ ಭಾಗ. ಅದರ ಮುನ್ನಾದಿನ ನಾವು ಅಕ್ಕಲಕೋಟೆ ತಾಲ್ಲೂಕಿನ ಮೈಂದರ್ಗಿಯಲ್ಲಿದ್ದೆವು. ಮಹಾರಾಷ್ಟ್ರದ ಊರಾದರೂ ಮನೆಮಾತು ಕನ್ನಡ.

ನಾವು ಉಳಿದುಕೊಂಡಿದ್ದ ಮನೆಯ ತಾಯಿ ಒಲೆಗೆ ತೊಗರಿ ಕಟ್ಟಿಗೆ ಇಡುತ್ತಾ ಜೋಳದ ರೊಟ್ಟಿ ಬಡಿಯುತ್ತಿದ್ದರು. ಮರುದಿನದ ಪ್ರಬೋಧನೆ ಯಾವುದರ ಮೇಲೆಂದು ಕೇಳಿ ತಿಳಿದವರು, ತಿರುಗಿಯೂ ನೋಡದೆ, "ಹೂವಿಗೇನ್ರೀ ಫಾದರ್, ಅದಕ್ಕ ಸಾಲ ಇಲ್ಲ" ಎಂದರು. 2014, 2015 ಎರಡೂ ವರ್ಷ ಬರ. 2016ರಲ್ಲಿ ಮಳೆಯಾಗಿ ತೊಗರಿ ಚೆನ್ನಾಗಿ ಬಂತು. ಎಲ್ಲರಿಗೂ ಬಂದದ್ದೇ ತೊಂದರೆಯಾಗಿ ಪೇಟೆಯ ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿದಿತ್ತು. ನಾವು ಬರೆದಿಟ್ಟುಕೊಂಡಿದ್ದ ಪ್ರಬೋಧನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಸ್ವಾಮಿ ತೋರಿಸಿದ ಆ ಹೂ ಯಾವುದು? ಲಿಲ್ಲಿ ಎಂದು ಅನುವಾದಿಸಿದವರುಂಟು. ಗಲಿಲೇಯದ ಗುಡ್ಡಗಳನ್ನು ಬಲ್ಲ ಹಲವರು ಅದು ಅನೆಮೊನೆ ಇರಬೇಕೆನ್ನುತ್ತಾರೆ. ಬಟರ್‌ಕಪ್ ಕುಟುಂಬದ ಕಾಡುಹೂ ಅದು. ನಮ್ಮ ಅಂಗಡಿಗಳಲ್ಲಿ ಸಿಗುವ ಕೃಷ್ಣಜೀರಿಗೆಯೂ ಅದೇ ಬಳಗದ್ದು. (ಒಕ್ಕುವ ಹಲಗೆ ಎಳೆಯದೆ ಕೋಲಿನಿಂದ ಬಡಿಯುವ ಕಾಳೆಂದು ಪ್ರವಾದಿ ಯೆಶಾಯ ಹೇಳುವುದು ಇದನ್ನೇ.) ಗೇಣುದ್ದದ ದಂಟಿಗೆ ಒಂದೇ ಹೂ. ಕಡುಗೆಂಪು ಹೆಚ್ಚು, ನೇರಳೆ, ಬಿಳಿಯೂ ಉಂಟು. ರಾತ್ರಿ ಮುಚ್ಚಿಕೊಳ್ಳುತ್ತದೆ. ಇಸ್ರೇಲಿನವರು 2013ರಲ್ಲಿ ಇದನ್ನೇ ತಮ್ಮ ರಾಷ್ಟ್ರೀಯ ಹೂವಾಗಿ ಆರಿಸಿದರು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅದರ ಗೆಡ್ಡೆ. ಆ ನಾಡಿನ ಮಳೆ ಚಳಿಗಾಲದ್ದು. ಬೇಸಿಗೆಯ ತಿಂಗಳುಗಳಲ್ಲಿ ಹನಿ ನೀರಿಲ್ಲ. ಮೇಲಿನ ಗಿಡವೆಲ್ಲ ಸುಟ್ಟುಹೋಗಿ, ಗೆಡ್ಡೆಯೊಂದೇ ಒಣ ನೆಲದೊಳಗೆ ಕಾದು ಕೂತಿರುತ್ತದೆ. ಮಳೆ ಬಿದ್ದ ಮೇಲೆ ಎಲೆ, ಜನವರಿಯಿಂದ ಮಾರ್ಚಿನ ತನಕ ಹೂ. ಚಿಂತೆಯಿಲ್ಲದ ಹೂವೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವಲ್ಲ!

ಅಲ್ಲಿ ಸೌದೆಯೂ ಕಡಿಮೆ. ಬಡವರು ಒಣಹುಲ್ಲನ್ನು ಹೂದಂಟಿನ ಸಮೇತ ಒಲೆಗೆ ತುಂಬಿ ರೊಟ್ಟಿ ಸುಡುತ್ತಿದ್ದರು. ಇಂದು ಹೊಲದಲ್ಲಿದ್ದು ನಾಳೆ ಒಲೆ ಸೇರುವ ಹುಲ್ಲಿನ ಮಾತನ್ನು ಸ್ವಾಮಿ ಹೇಳಿದ್ದು ಅಂಥ ಒಲೆಯ ಮುಂದೆ ಕೂರುವವರಿಗೆ. ಅದೇ ಅಧ್ಯಾಯದಲ್ಲಿ ಅವರು ಕಲಿಸಿದ ಪ್ರಾರ್ಥನೆಯಲ್ಲಿ ನಾವು 'ತಪ್ಪು' ಎನ್ನುವ ಕಡೆ ಗ್ರೀಕ್ ಮೂಲದಲ್ಲಿರುವ ಪದದ ಅರ್ಥ 'ಸಾಲ'. ಸೆಮಿನರಿಯಲ್ಲಿ ಇದನ್ನು ಕಲಿತು ಪರೀಕ್ಷೆಯನ್ನೂ ಬರೆದಿದ್ದೆವು. ಹೂವಿನ ಮಾತು ಸಾಲಗಾರರಿಗೆ ಹೇಳಿದ್ದೆಂಬುದು ಮಾತ್ರ ಆ ರಾತ್ರಿಯವರೆಗೆ ಹೊಳೆದಿರಲಿಲ್ಲ.

ಭಾನುವಾರ ಅದೇ ಮನೆಯಲ್ಲಿ ಬಲಿಪೂಜೆ. ಹೂವಿನ ಅಂದವನ್ನು ಬದಿಗಿಟ್ಟು ಗೆಡ್ಡೆಯ ವಿಷಯ, ಸಾಲದ ವಿಷಯ ಮಾತಾಡಿದೆವು. ಹೊರಡುವಾಗ ಆ ತಾಯಿ, "ಗಡ್ಡಿ ಮಾತು ಛಲೋ ಇತ್ರಿ ಫಾದರ್. ಆದ್ರ ತೊಗರಿ ರೇಟು ಯಾವಾಗ ಏರತೈತ್ರಿ?" ಎಂದು ಕೇಳಿದರು. ಗೊತ್ತಿಲ್ಲವ್ವ ಎಂದೆವು. ಅವರು ನಕ್ಕು, ನಾಲ್ಕು ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಬುತ್ತಿ ಕಟ್ಟಿಕೊಟ್ಟರು.