'ಬಾಯಿ'ಗೂ ಒಂದು ಹೆಸರಿದೆ

ಕರಾವಳಿಯ ನಮ್ಮೂರುಗಳಲ್ಲಿ ಕ್ರೈಸ್ತ ಹೆಂಗಸರೆಲ್ಲ ನಮಗೆ ಬರೀ 'ಬಾಯಿ'. ಹೆಸರು ಕೇಳಿದವರು ಕಡಿಮೆ. ಅವರಲ್ಲಿ ಎಷ್ಟೋ ಮಂದಿ ಕಟ್ಟುವ ಶಂಕರಪುರದ ಮಲ್ಲಿಗೆ ನಮ್ಮ ಮದುವೆಗೂ ಬೇಕು, ದೈವದ ಕೋಲಕ್ಕೂ ಬೇಕು. ಅವರ ಅಂಗಳದಲ್ಲಿ ಕೂತು ಮಾತಾಡಿದ್ದು ಮಾತ್ರ ಇಲ್ಲವೆನ್ನುವಷ್ಟು ಅಪರೂಪ.

ಪತ್ರಿಕೋದ್ಯಮ ಕಲಿತ ನಾವೂ ಇದೇ ತಪ್ಪು ಮಾಡಿದ್ದೇವೆ. ಇಗರ್ಜಿಗೆ ಹೋದರೆ ಫಾದರ್ ಹೇಳಿದ್ದನ್ನು ಬರೆದುಕೊಳ್ಳುತ್ತೇವೆ, ಹೆಂಗಸರ ಫೋಟೋ ತೆಗೆದು ಬರುತ್ತೇವೆ. ಅವರ ಮಾತು ವರದಿಯಲ್ಲಿ ಇರುವುದಿಲ್ಲ. ಹೀಗೆ ಮಾತುಕತೆಯೇ ಇಲ್ಲದ ಕಡೆ ವಾಟ್ಸಾಪ್‌ನ ಗಾಳಿಸುದ್ದಿ ಬೇಗ ನಿಜವಾಗಿಬಿಡುತ್ತದೆ.

ಪರಿಚಯಕ್ಕೆ ಒಳ್ಳೆಯ ದಿನ ಸೆಪ್ಟೆಂಬರ್ 8, ಮೊಂತಿ ಹಬ್ಬ. ಕ್ಯಾಥೋಲಿಕರಿಗೆ ಅದು ಮರಿಯಮ್ಮನ ಜನ್ಮದಿನ. ಅದಕ್ಕೂ ಮುಂಚೆ 9 ದಿನ ಮಕ್ಕಳು ಇಗರ್ಜಿಗೆ ಹೂವು ಒಯ್ಯುತ್ತಾರೆ. ಹಬ್ಬದ ದಿನ ಆಶೀರ್ವಾದವಾದ ಭತ್ತದ ತೆನೆ ಮನೆಗೆ ಬರುತ್ತದೆ, ಅದರ ಕಾಳು ಪಾಯಸಕ್ಕೋ ಹಾಲಿಗೋ ಸೇರುತ್ತದೆ. ಅಂದು ಮೀನು, ಮಾಂಸ ಇಲ್ಲ, ಬರೀ ತರಕಾರಿ ಊಟ. ನಮ್ಮ ಮನೆಗಳ ಹೊಸಕ್ಕಿ ಊಟಕ್ಕೂ ಇದಕ್ಕೂ ಎಷ್ಟು ದೂರ?

ಈ ಸಲ ಫಾದರ್‌ಗೆ ನಮಸ್ಕಾರ ಹೇಳಿ, ಹೆಂಗಸರ ಬಳಿಗೂ ಹೋಗೋಣ. "ಅಕ್ಕಾ, ನಿಮ್ಮ ಹೆಸರೇನು?" ಎಂದು ಕೇಳೋಣ. ಮಲ್ಲಿಗೆ ಅಟ್ಟೆಯ ದರವೋ ಗಲ್ಫ್‌ನಲ್ಲಿರುವ ಮಗನ ಸುದ್ದಿಯೋ, ಮುಂದಿನ ಮಾತು ಅವರೇ ತೆಗೆಯುತ್ತಾರೆ.