ಗೋಡೆಯ ನಾಡಿ ನೋಡುವವರು ಯಾರ ಕಡೆ?

ನೂಲಿನ ಗಿರಣಿಯಲ್ಲಿ ದುಡಿದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಯಂತ್ರಗಳ ನಡುವೆ ತೂಗುಹಾಕಿದ ಜೋಡಿ ಥರ್ಮಾಮೀಟರುಗಳನ್ನು ಅವರು ನೋಡಿಯೇ ಇರುತ್ತಾರೆ. ಒಂದರ ಬುಡ ಒಣಗಿರುತ್ತದೆ. ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ಎರಡರ ಅಂತರ ನೋಡಿ ಗಾಳಿಯಲ್ಲಿ ತೇವ ಎಷ್ಟಿದೆಯೆಂದು ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಏಕೆ? ತೇವ ಕಡಿಮೆಯಾದರೆ ಎಳೆ ಹರಿಯುತ್ತದೆ. ಎಳೆ ಹರಿದರೆ ಧಣಿಗೆ ನಷ್ಟ. ಗಿರಣಿಯೊಳಗಿನ ಈ ತೇವದ ಪರೀಕ್ಷೆಯನ್ನು ಸರಿಯಾಗಿ ಮಾಡಿ ದಾಖಲೆ ಇಡಬೇಕೆಂದು ನಿಯಮ ಮಾಡುವ ಅಧಿಕಾರವನ್ನು ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯ 15ನೆಯ ಕಲಮೇ ಸರ್ಕಾರಗಳಿಗೆ ಕೊಟ್ಟಿತ್ತು.

ಅದೇ ಕಾರ್ಮಿಕ ಪಾಳಿ ಮುಗಿಸಿ ಮನೆಗೆ ಬರುತ್ತಾನೆ. ಬಾಡಿಗೆಯ ಒಂದು ಕೋಣೆ. ಮೂಲೆಯಲ್ಲಿ ಕಪ್ಪು ಬೂಸಲು. ಗೋಡೆಯ ಬುಡದಲ್ಲಿ ಗಾರೆ ಉದುರಿ ಉಪ್ಪು ಹೂಬಿಟ್ಟಿದೆ. ಮಗು ರಾತ್ರಿಯೆಲ್ಲ ಕೆಮ್ಮುತ್ತದೆ. ಇಲ್ಲಿ ತೇವವನ್ನು ಅಳೆಯುವವರು ಯಾರು? ಪುಸ್ತಕದಲ್ಲಿ ಬರೆಯುವವರು ಯಾರು? ನೂಲಿಗೆ ಸಿಕ್ಕ ಅಳತೆ ನೂಲುವವನ ಮಗುವಿಗೆ ಸಿಕ್ಕಿಲ್ಲ!

ಇದು ಬರಿಯ ಭಾಷಣದ ಮಾತು ಎನ್ನುವವರಿಗೆ ಒಂದು ಊರಿನ ಕಥೆ ಹೇಳಬೇಕು. ಇಂಗ್ಲೆಂಡಿನ ಹತ್ತಿ ಗಿರಣಿಗಳ ಸೀಮೆಯಲ್ಲಿ ರಾಚ್‌ಡೇಲ್ ಎಂಬ ಊರಿದೆ. 1844ರ ಡಿಸೆಂಬರ್ 21ರಂದು ಅಲ್ಲಿಯ ನೇಕಾರರೂ ಇತರ ದುಡಿಯುವವರೂ ಸೇರಿ, ಕಲಬೆರಕೆಯಿಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆಯನ್ನು ಸರಿಯಾದ ತೂಕದಲ್ಲಿ ಮಾರುವ ತಮ್ಮದೇ ಅಂಗಡಿ ತೆರೆದರು. ಸಹಕಾರ ಚಳವಳಿಯ ಮಾತೆತ್ತಿದವರು ಇಂದಿಗೂ ಆ ಅಂಗಡಿಯನ್ನು ನೆನೆಯುತ್ತಾರೆ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದವರ ಹೆಸರಿನೊಡನೆ ರಾಚ್‌ಡೇಲಿನ ಹೆಸರೂ ನಮ್ಮ ವೇದಿಕೆಗಳಲ್ಲಿ ಬರುವುದುಂಟು.

ಅದೇ ರಾಚ್‌ಡೇಲಿನಲ್ಲಿ, ಅದೇ ಡಿಸೆಂಬರ್ 21ರಂದು, ಆದರೆ 2020ರಲ್ಲಿ, ಅವಾಬ್ ಇಷಾಕ್ ಎಂಬ ಮಗು ತೀರಿಕೊಂಡಿತು. ಎರಡು ವರ್ಷ ತುಂಬಿ ಎಂಟೇ ದಿನವಾಗಿತ್ತು. ಸುಡಾನಿನಿಂದ ಬಂದ ಕುಟುಂಬ, ಬಾಡಿಗೆಯ ಚಿಕ್ಕ ಮನೆ, ಗೋಡೆಯ ತುಂಬ ಬೂಸಲು. ಮನೆಯಲ್ಲಿ ಬಹುಕಾಲ ಬೂಸಲನ್ನು ಉಸಿರಾಡಿದ್ದರಿಂದಲೇ ಶ್ವಾಸಾಂಗಗಳು ಕೆಟ್ಟು ಮಗು ಸತ್ತಿತೆಂದು 2022ರ ನವೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಪಿತ್ತರು.

ಆ ಮನೆಯನ್ನು ಯಾರೂ ನೋಡಿರಲಿಲ್ಲವೇ? ನೋಡಿದ್ದರು! 2017ರಲ್ಲಿಯೇ ತಂದೆ ದೂರು ಕೊಟ್ಟಿದ್ದ. ಮೇಲೆ ಬಣ್ಣ ಬಳಿದುಕೊಳ್ಳಿ ಎಂಬ ಉತ್ತರ ಬಂತು. 2020ರ ಜುಲೈನಲ್ಲಿ ತಪಾಸಣೆಯೂ ಆಯಿತು. ಅಡಿಗೆಮನೆಯಲ್ಲಿ, ಬಚ್ಚಲಲ್ಲಿ ಬೂಸಲಿದೆಯೆಂದು ಕಾಗದದ ಮೇಲೆ ಬರೆದೂ ಆಯಿತು. ಆದರೆ ಆ ಹೊತ್ತಿಗೆ ತಂದೆ ವಕೀಲರ ಮೂಲಕ ಪರಿಹಾರದ ದಾವೆ ಹೂಡಿದ್ದ. ವಕೀಲರ ಒಪ್ಪಿಗೆ ಬರುವವರೆಗೆ ದುರಸ್ತಿ ಇಲ್ಲವೆಂಬುದು ಮನೆ ಕೊಟ್ಟ ಸಂಸ್ಥೆಯ ನಿಯಮ. ಕಾಗದ ಕಾಯಿತು, ಬೂಸಲು ಕಾಯಲಿಲ್ಲ.

ನೋಡುವುದು ಬೇರೆ, ತಪಾಸಣೆ ಬೇರೆ. ನಿಜವಾದ ತಪಾಸಣೆ ಹೇಗಿರುತ್ತದೆಂದು ನಮ್ಮ ಓದುಗರು ತಿಳಿದಿರಬೇಕು. ತಿಳಿಯದವನಿಗೆ ಮಾತ್ರ ಮೋಸ ಮಾಡಲು ಸಾಧ್ಯ.

ಮನೆಗೆ ತೇವ ಬರುವುದು ಮುಖ್ಯವಾಗಿ ಮೂರು ದಾರಿಯಲ್ಲಿ. ಒಂದು, ನೆಲದ ನೀರು ಗೋಡೆಯೊಳಗೆ ಮೇಲೇರುವುದು. ಎರಡು, ತಾರಸಿ, ಬಿರುಕು, ಒಡೆದ ಕೊಳವೆಗಳಿಂದ ನೀರು ಒಳಕ್ಕಿಳಿಯುವುದು. ಮೂರು, ಒಳಗಿನ ಗಾಳಿಯಲ್ಲಿರುವ ಆವಿ ತಣ್ಣನೆಯ ಗೋಡೆಗೆ ತಗುಲಿ ನೀರಾಗುವುದು. ತಣ್ಣೀರು ತುಂಬಿದ ತಂಬಿಗೆಯ ಮೈ ಬೆವರುವುದನ್ನು ಯಾರು ಕಂಡಿಲ್ಲ? ಕೋಣೆಯ ಗಾಳಿ 20 ಡಿಗ್ರಿ ಬೆಚ್ಚಗಿದ್ದು ಅದರ ತೇವ ನೂರಕ್ಕೆ 70ರಷ್ಟಿದ್ದರೆ, ಸುಮಾರು 14 ಡಿಗ್ರಿಗಿಂತ ತಣ್ಣಗಿರುವ ಗೋಡೆಯೂ ಹಾಗೆಯೇ ಬೆವರುತ್ತದೆ.

ಮೂರು ರೋಗ, ಮೂರು ಮದ್ದು. ಆದುದರಿಂದ ಪ್ರಾಮಾಣಿಕ ತಪಾಸಕ ಮೊದಲು ಮನೆಯೊಳಗೆ ಬರುವುದಿಲ್ಲ. ಹೊರಗೆ ಸುತ್ತು ಹಾಕುತ್ತಾನೆ. ತಾರಸಿಯ ನೀರು ಎಲ್ಲಿ ಬೀಳುತ್ತದೆ? ಚರಂಡಿ ಕಟ್ಟಿದೆಯೇ? ಗೋಡೆಯ ಬುಡದಲ್ಲಿ ತೇವ ತಡೆಯಲೆಂದು ಹಾಕಿದ ಪದರಕ್ಕಿಂತ ಮೇಲಕ್ಕೆ ಮಣ್ಣು ಏರಿದೆಯೇ? ನಮ್ಮ ಊರುಗಳಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರುತ್ತದೆ, ಬಡವರ ಮನೆ ಹಳ್ಳಕ್ಕಿಳಿಯುತ್ತದೆ. ಇಂಥ ಕಡೆ ರೋಗ ಇರುವುದು ಗೋಡೆಯಲ್ಲಲ್ಲ, ರಸ್ತೆಯಲ್ಲಿ.

ಆಮೇಲೆ ಅವನು ಒಳಗೆ ಬಂದು ಮನೆಯವರನ್ನು ಕೇಳುತ್ತಾನೆ: ತೇವ ಮಳೆಗಾಲದಲ್ಲಿ ಮಾತ್ರವೋ, ವರ್ಷವಿಡೀಯೋ? ಎಷ್ಟು ಜನ ಮಲಗುತ್ತೀರಿ? ಹೊಗೆ, ಆವಿ ಹೊರಹೋಗಲು ದಾರಿಯುಂಟೇ? ಗಾಳಿಯ ತೇವವನ್ನೂ ಗೋಡೆಯ ತಂಪನ್ನೂ ಅಳೆಯುತ್ತಾನೆ. ಗೋಡೆಯನ್ನು ಬುಡದಿಂದ ಮೇಲಕ್ಕೆ ಹಲವು ಎತ್ತರಗಳಲ್ಲಿ ಪರೀಕ್ಷಿಸಿ ಪಟ್ಟಿ ಮಾಡುತ್ತಾನೆ. ನೆಲದಿಂದ ಏರುವ ನೀರು ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಳೆತ್ತರದ ಮೇಲೆ ಒದ್ದೆಯಿದ್ದರೆ ನೆಲವನ್ನು ದೂರಿ ಫಲವಿಲ್ಲ. ಸಂಶಯ ಉಳಿದರೆ ಗೋಡೆ ಕೊರೆದು ಪುಡಿ ತೆಗೆದು, ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿ ನೀರಿನ ಲೆಕ್ಕ ಹಿಡಿಯುತ್ತಾನೆ. ಸ್ಥಳದಲ್ಲೇ ತಿಳಿಯಬೇಕಾದರೆ ಪುಡಿಗೆ ಕ್ಯಾಲ್ಸಿಯಂ ಕಾರ್ಬೈಡ್ ಬೆರೆಸಿ, ಮುಚ್ಚಿದ ಪಾತ್ರೆಯಲ್ಲಿ ಹುಟ್ಟುವ ಅನಿಲದ ಒತ್ತಡ ನೋಡುವ ಕ್ರಮವೂ ಇದೆ. ಕೊನೆಗೆ ಬರೆದು ಕೊಡುತ್ತಾನೆ: ಕಾರಣ ಇದು, ಮಾಡಬೇಕಾದ ಕೆಲಸ ಇದು.

ಈಗ ಪೇಟೆಯ ತಪಾಸಣೆ ನೋಡಿ. ಗೋಡೆಗೆ ಔಷಧ, ಬಣ್ಣ, ಲೇಪ ಮಾರುವ ವ್ಯಾಪಾರದ ಕಡೆಯಿಂದ ಒಬ್ಬ ಬರುತ್ತಾನೆ. ತಪಾಸಣೆ ಪುಕ್ಕಟೆ! ಕೈಯಲ್ಲಿ ಎರಡು ಸೂಜಿಯ ಒಂದು ಯಂತ್ರ. ಗೋಡೆಗೆ ಚುಚ್ಚುತ್ತಾನೆ, ಕೆಂಪು ದೀಪ ಹತ್ತುತ್ತದೆ, ಮನೆಯಾಕೆ ಹೆದರುತ್ತಾಳೆ, ಅಂದಾಜುಪಟ್ಟಿ ಹೊರಬರುತ್ತದೆ.

ಆ ಯಂತ್ರ ಅಳೆಯುವುದು ನೀರನ್ನಲ್ಲ, ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆಂಬುದನ್ನು. ಅದರ ಅಂಕಿಗಳನ್ನು ಹೊಂದಿಸಿರುವುದು ಮರಕ್ಕೆ. ಇಟ್ಟಿಗೆ ಗಾರೆಯ ಮೇಲೆ ಅದೇ ಅಂಕಿಯನ್ನು ಶೇಕಡಾವಾರು ನೀರೆಂದು ಓದುವುದು ತಪ್ಪು. ಗೋಡೆಯಲ್ಲಿ ಉಪ್ಪು ಸೇರಿದ್ದರಂತೂ, ನೀರು ಅಲ್ಪವಾಗಿದ್ದರೂ ದೀಪ ಕೆಂಪಾಗುತ್ತದೆ. ಎಲ್ಲಿ ಮೊದಲು ನೋಡಬೇಕೆಂದು ತೋರಿಸಲು ಆ ಯಂತ್ರ ಸಾಕು. ತೀರ್ಪು ಕೊಡಲು ಸಾಲದು. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ ಕೊರೆದು ತೂಗುವ ಕ್ರಮವನ್ನು ದಶಕಗಳ ಹಿಂದೆಯೇ ಅಚ್ಚು ಮಾಡಿ ಹಂಚಿದೆ. ಆದರೆ ಪುಕ್ಕಟೆ ಬಂದವನಿಗೆ ಕೊರೆಯಲು ಪುರುಸೊತ್ತೆಲ್ಲಿ? ಅವನು ಬಂದಿರುವುದು ರೋಗ ಹುಡುಕಲಲ್ಲ, ಔಷಧಿ ಮಾರಲು.

ಅಂಗಡಿಯ ಬಾಂಧವರೇ, ನೀವು ಕಾಲುಕಿಲೋ ಬೇಳೆ ತೂಗುವ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಮುದ್ರೆಯ ಅವಧಿ ಮೀರಿದರೆ ದಂಡ. ನಿಮ್ಮ ಗೋಡೆಗೆ ಚುಚ್ಚಿ ಸಾವಿರಾರು ರೂಪಾಯಿಯ ಪಟ್ಟಿ ಬರೆಯುವವನ ಯಂತ್ರದ ಮೇಲೆ ಯಾವ ಮುದ್ರೆಯಿದೆಯೆಂದು ಒಮ್ಮೆಯಾದರೂ ಕೇಳಿದ್ದೀರಾ? ಒಡೆದ ಕೊಳವೆಯಿಂದ ಬಂದ ತೇವಕ್ಕೆ ಒಳಗೋಡೆಗೆ ಲೇಪ ಬಳಿದರೆ ಎತ್ತಿಗೆ ಜ್ವರ ಬಂದುದಕ್ಕೆ ಎಮ್ಮೆಗೆ ಬರೆ ಎಳೆದಂತೆ. ಎರಡು ಮಳೆಗಾಲದೊಳಗೆ ಲೇಪ ಉಬ್ಬಿ ಉದುರುತ್ತದೆ, ಮಾರಿದವನು ಮತ್ತೆ ಬರುತ್ತಾನೆ.

ಮಾರುವವನ ತಪಾಸಣೆ ಇಂಥದಾದರೆ, ಮಾಲೀಕನ ತಪಾಸಣೆ ಇನ್ನೊಂದು ಬಗೆ. ಅದರ ತೀರ್ಮಾನ ಹೊಸಿಲು ದಾಟುವ ಮೊದಲೇ ಆಗಿರುತ್ತದೆ: ತಪ್ಪು ಬಾಡಿಗೆದಾರನದು. ಬಟ್ಟೆ ಒಳಗೆ ಒಣಗಿಸುತ್ತೀರಿ, ಅನ್ನ ಬೇಯಿಸುವಾಗ ಕಿಟಕಿ ಮುಚ್ಚುತ್ತೀರಿ, ಬಹಳ ಸ್ನಾನ ಮಾಡುತ್ತೀರಿ! ರಾಚ್‌ಡೇಲಿನ ಆ ಸಂಸ್ಥೆಯೂ ಕುಟುಂಬದ ಜೀವನಕ್ರಮದ ಬಗ್ಗೆ ಊಹೆ ಕಟ್ಟಿಕೊಂಡಿತ್ತು. ಮಗು ಸತ್ತ ಮೇಲೆ, ವಿಚಾರಣೆ ಮುಗಿದ ಮೇಲೆ, ಅದು ತಪ್ಪೆಂದು ಒಪ್ಪಿಕೊಂಡಿತು. ವಿಚಾರಣಾಧಿಕಾರಿ ಕಂಡುಕೊಂಡದ್ದು ಇಷ್ಟೇ: ಆ ಮನೆಯವರು ಎಲ್ಲರಂತೆ ಬಾಳಿದರು, ಮನೆಗೆ ಸಾಕಷ್ಟು ಗಾಳಿಯಾಡುವ ವ್ಯವಸ್ಥೆ ಇರಲಿಲ್ಲ. ಸ್ನಾನ ಮಾಡುವುದು, ಅಡಿಗೆ ಮಾಡುವುದು, ಉಸಿರಾಡುವುದು ಬಾಡಿಗೆದಾರನ ಅಪರಾಧವಾದರೆ ಬಾಡಿಗೆ ಕೊಡುವುದು ಯಾತಕ್ಕೆ?

ಇಲ್ಲಿ ನಮಗೂ ಒಂದು ಕಹಿ ಪಾಠವಿದೆ, ಅದನ್ನು ಮುಚ್ಚಿಡಕೂಡದು. ಆ ಮನೆಯ ಒಡೆಯ ಲೇವಾದೇವಿ ಧಣಿಯಲ್ಲ. ಬಾಡಿಗೆದಾರರೂ ನೌಕರರೂ ಸದಸ್ಯರಾಗಬಹುದಾದ, ಸಹಕಾರ ತತ್ವದ ಸಂಸ್ಥೆ! ಹಲಗೆಯ ಮೇಲೆ ಒಳ್ಳೆಯ ಹೆಸರು ಬರೆದ ಮಾತ್ರಕ್ಕೆ ಬಡವನ ದೂರು ಮೇಜಿನಿಂದ ಮೇಜಿಗೆ ತಾನಾಗಿ ನಡೆಯುವುದಿಲ್ಲ. ನಡೆಸಲು ಕಾಲಮಿತಿ ಬೇಕು, ಹೊಣೆ ಬೇಕು, ಹಿಂದೆ ಸಂಘಟನೆ ಬೇಕು.

ಆ ಕಾಲಮಿತಿ ಈಗ ಇಂಗ್ಲೆಂಡಿನಲ್ಲಿ ಬಂದಿದೆ. ತಂದೆತಾಯಿಗಳ ಹೋರಾಟದ ಫಲವಾಗಿ 2023ರ ವಸತಿ ಕಾಯಿದೆಯಲ್ಲಿ ಸೇರಿದ ನಿಯಮಕ್ಕೆ ಮಗುವಿನ ಹೆಸರನ್ನೇ ಇಟ್ಟರು. ಮೊದಲ ಹಂತವಾಗಿ 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿಯ ಮನೆಗಳಿಗೆ ಅದು ಜಾರಿಗೆ ಬಂತು. ಜೀವಕ್ಕೆ ಕುತ್ತಾದ ತುರ್ತು ದೋಷವನ್ನು 24 ಗಂಟೆಯೊಳಗೆ ನೋಡಿ ಅಪಾಯ ನಿವಾರಿಸಬೇಕು. ಅಪಾಯಕರ ತೇವ, ಬೂಸಲುಗಳ ದೂರು ಬಂದರೆ 10 ಕೆಲಸದ ದಿನಗಳೊಳಗೆ ತಪಾಸಣೆ; ಅದು ಮುಗಿದ 3 ದಿನಗಳೊಳಗೆ ಕಂಡದ್ದೇನೆಂದು ಬಾಡಿಗೆದಾರನಿಗೆ ಲಿಖಿತವಾಗಿ ತಿಳಿಸಬೇಕು; 5 ದಿನಗಳೊಳಗೆ ಮನೆಯನ್ನು ಸುರಕ್ಷಿತಗೊಳಿಸಬೇಕು. ನೇಯ್ಗೆಯ ಶೆಡ್ಡುಗಳಲ್ಲಿ ಹಬೆಯ ಮಿತಿ ಮೀರದಂತೆ ತೇವ ಅಳೆಯಬೇಕೆಂದು ಅದೇ ದೇಶ ಕಾಯಿದೆ ಮಾಡಿದ್ದು 1889ರಲ್ಲಿ! ಶೆಡ್ಡಿನಿಂದ ಮನೆಯವರೆಗೆ ಬರಲು ಆ ಅಳತೆಗೋಲಿಗೆ 136 ವರ್ಷ ಹಿಡಿಯಿತು. ನಡುವೆ ಒಂದು ಮಗು ಸಾಯಬೇಕಾಯಿತು.

ನಮ್ಮ ಮನೆಯ ಬಾಡಿಗೆ ಕರಾರನ್ನು ಪೆಟ್ಟಿಗೆಯಿಂದ ತೆಗೆದು ಓದಿ. ಮುಂಗಡ ಎಷ್ಟು, ಯಾವ ತಾರೀಖಿಗೆ ಬಾಡಿಗೆ, ಬಿಡುವಾಗ ಸುಣ್ಣಬಣ್ಣದ ಖರ್ಚು ಯಾರದು, ಎಲ್ಲವೂ ಇರುತ್ತದೆ. ಗೋಡೆ ಸೋರಿದರೆ ಎಷ್ಟು ದಿನದಲ್ಲಿ ಯಾರು ಬಂದು ನೋಡಬೇಕೆಂಬ ಒಂದು ಸಾಲು ಇದೆಯೇ? ಇಲ್ಲದಿದ್ದರೆ ಮುಂದಿನ ಕರಾರಿನಲ್ಲಿ ಬರೆಸಿ. ಒಬ್ಬ ಕೇಳಿದರೆ ಮನೆ ಖಾಲಿ ಮಾಡು ಎನ್ನುತ್ತಾರೆ. ಇಡೀ ವಠಾರ ಕೇಳಿದರೆ ಕುಳಿತು ಮಾತಾಡುತ್ತಾರೆ. ಗೋಡೆಯನ್ನು ನೋಡಲು ಬರುವವನು ಔಷಧ ಮಾರುವವನಾಗಿರಕೂಡದು. ಮಾಲೀಕನ ಮನೆಯ ಆಳಾಗಿರಕೂಡದು. ನಗರಸಭೆಯ ಎಂಜಿನಿಯರು ಬಾಡಿಗೆದಾರನ ದೂರಿನ ಮೇಲೆ ಬಂದು ನೋಡಿ ವರದಿಯ ಪ್ರತಿಯನ್ನು ಅವನ ಕೈಗೆ ಕೊಡಬೇಕು. ವಾರ್ಡಿನ ಸದಸ್ಯ ಮತ ಕೇಳಲು ಬಂದಾಗ ಅವನನ್ನು ಅಂಗಳದಲ್ಲಿ ನಿಲ್ಲಿಸಿ ಮಾತಾಡಬೇಡಿ. ಒಳಗೆ ಕರೆಯಿರಿ, ಬೂಸಲು ಹಿಡಿದ ಮೂಲೆಯಲ್ಲೇ ಚಾಪೆ ಹಾಸಿ ಕೂರಿಸಿರಿ, ಮಗು ಮಲಗುವ ಜಾಗವೇ ಅದೆಂದು ಹೇಳಿರಿ.

ಅಲ್ಲಿಯವರೆಗೆ ಯಾರು ಬಂದು ಗೋಡೆಗೆ ಸೂಜಿ ಚುಚ್ಚಿದರೂ ಮೂರು ಪ್ರಶ್ನೆ ಕೇಳಿರಿ. ನೀರು ಎಲ್ಲಿಂದ ಬಂತು? ಅದನ್ನು ಹೇಗೆ ಕಂಡುಹಿಡಿದೆ? ನಿನಗೆ ಸಂಬಳ ಕೊಡುವವರು ಯಾರು? ಮೂರನೆಯದಕ್ಕೆ ಬರುವ ಉತ್ತರದಿಂದ ಮೊದಲಿನ ಎರಡರ ಬೆಲೆ ನಿಮಗೇ ತಿಳಿಯುತ್ತದೆ.