ಫುಲ್ ಚೋಕ್ ಎಂಬ ಒಣಜಂಬ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿ ನಮ್ಮ ಕೊಡಗಿನ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ಅಹಮದಾಬಾದಿನಲ್ಲೋ ಸೂರತ್ತಿನಲ್ಲೋ ಊರಿನವರು ನಾಲ್ಕು ಜನ ಸೇರಿದರೆ ಮಾತು ಕಾಫಿ ರೇಟಿನಿಂದ ಶುರುವಾಗಿ ಕೊನೆಗೆ ಬಂದು ನಿಲ್ಲುವುದು ಕೋವಿಯ ಹತ್ತಿರ. "ನಮ್ಮ ಮನೆ ಜೋಡುನಳಿಗೆ ಇದೆಯಲ್ಲ, ಇಂಗ್ಲೆಂಡಿನದ್ದು, ಫುಲ್ ಚೋಕ್ ಮಾರಾಯ್ರೇ!" ಯಾರು ಅಳೆದದ್ದು ಅಂತ ಕೇಳಿ ನೋಡಿ. "ಅಜ್ಜ ಹೇಳ್ತಿದ್ರು." ಅಲ್ಲಿಗೆ ಮುಗಿಯಿತು. ಅಜ್ಜನ ಮಾತಿನ ಮುಂದೆ ಮೈಕ್ರೋಮೀಟರ್ ಯಾವ ಲೆಕ್ಕ!

ನನ್ನ ತಕರಾರು ಇಷ್ಟೇ. ಚೋಕ್ ಅನ್ನುವುದು ಒಂದು ಅಳತೆ, ಮನೆತನದ ಅಂತಸ್ತಲ್ಲ. ಅಳೆಯದೆ ಹೇಳಿದ ಚೋಕ್ ಬರೀ ಬಾಯಿಮಾತು. ಜಮೀನಿನ ವಿಷಯದಲ್ಲಿ ಬಾಯಿಮಾತು ನಂಬಿದರೆ ಕೋರ್ಟು ಅಲೆಯಬೇಕಾದೀತು, ಕೋವಿಯ ವಿಷಯದಲ್ಲಿ ನಂಬಿದರೆ ಕೈಬೆರಳು ಹೋದೀತು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಚರೆ ಹಾರಿಸುವ ಕೋವಿಯ ನಳಿಗೆ ಬಾಯಿಯ ಹತ್ತಿರ, ಕೊನೆಯ ಒಂದೆರಡು ಅಂಗುಲದಲ್ಲಿ ಕೊಂಚ ಕಿರಿದಾಗುತ್ತದೆ. ಅದೇ ಚೋಕ್. ಹಳೆಯ ಕೋವಿಗಳಲ್ಲಿ ಅದು ನಳಿಗೆಯಲ್ಲೇ ಇರುತ್ತದೆ, ಹೊಸ ಮಾದರಿಗಳಲ್ಲಿ ತಿರುಗಿಸಿ ಕೂರಿಸುವ ಬೇರೆ ಟ್ಯೂಬ್. 12 ಬೋರಿನ ಒಳವ್ಯಾಸ ಲೆಕ್ಕದ ಪ್ರಕಾರ 18.5 ಮಿ.ಮೀ. ಬಾಯಿ ಅದಕ್ಕಿಂತ ಸುಮಾರು 0.25 ಮಿ.ಮೀ. ಕಿರಿದಾದರೆ ಇಂಪ್ರೂವ್ಡ್ ಸಿಲಿಂಡರ್, 0.5 ಆದರೆ ಮಾಡಿಫೈಡ್ ಅಥವಾ ಹಾಫ್ ಚೋಕ್, 0.9ರಿಂದ 1 ಆದರೆ ಫುಲ್. ಏನೂ ಕಿರಿದಾಗದಿದ್ದರೆ ಸಿಲಿಂಡರ್. ಅಂದರೆ ಇಡೀ ಜಂಬ ನಿಂತಿರುವುದು ಒಂದು ಮಿಲಿಮೀಟರಿನ ಒಳಗೆ! ಅದನ್ನು ಕಣ್ಣಳತೆಯಲ್ಲಿ ಹೇಳುವವರಿಗೆ ನನ್ನ ದೊಡ್ಡ ನಮಸ್ಕಾರ.

ಅಚ್ಚರಿ ಏನೆಂದರೆ ನಾವೆಲ್ಲ ಅನ್ನ ತಿನ್ನುತ್ತಿರುವುದೇ ಅಳತೆಯ ಊರುಗಳಲ್ಲಿ. ಸೂರತ್ತಿನ ವರಾಛಾದಲ್ಲಿ ವಜ್ರವನ್ನು ಸೆಂಟಿನಲ್ಲಿ, ಅಂದರೆ ಕ್ಯಾರೆಟ್ಟಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ತೂಗುತ್ತಾರೆ. "ನಮ್ಮಜ್ಜ ಇದು ಒಂದು ಕ್ಯಾರೆಟ್ ಅಂದಿದ್ರು" ಅಂದರೆ ಯಾವ ಶೇಠ್ ದುಡ್ಡು ಬಿಚ್ಚುತ್ತಾನೆ? ಅಹಮದಾಬಾದಿನ ಮಿಲ್ಲುಗಳಲ್ಲಿ ದುಡಿದವರಿಗೆ 80 ನಂಬರಿನ ನೂಲು 40ಕ್ಕಿಂತ ತೆಳು ಅಂತ ಬಿಡಿಸಿ ಹೇಳಬೇಕಿಲ್ಲ. ಬೋರ್ ಕೂಡ ಹಾಗೇ ತಲೆಕೆಳಗು ಲೆಕ್ಕ. ಒಂದು ಪೌಂಡು ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ಅದು 12 ಬೋರ್. 20 ಬೋರ್ ಅದಕ್ಕಿಂತ ಸಣ್ಣದು. ಇನ್ನು ನಾನಿರುವ ವಡೋದರಾದ ಮಕರಪುರಾ ಜಿಐಡಿಸಿಯಲ್ಲಿ ಒಂದು ಬುಷ್ ಕೂಡ ಗೇಜ್ ಹಾಕದೆ ಹೊರಗೆ ಹೋಗುವುದಿಲ್ಲ. ಇಷ್ಟೆಲ್ಲ ಕಲಿತ ನಾವು ಊರಿನ ಬಸ್ ಇಳಿದ ಕೂಡಲೇ ಎಲ್ಲ ಮರೆಯುವುದು ಯಾಕೆ?

"ಅಳೆಯೋದ್ಯಾಕೆ, ನಳಿಗೆ ಮೇಲೇ ಗುರುತಿದೆಯಲ್ಲ" ಅನ್ನುತ್ತಾರೆ. ಇರಬಹುದು, ಓದಲು ಬರಬೇಕಲ್ಲ. ಅನೇಕ ತಯಾರಕರ ಪದ್ಧತಿಯಲ್ಲಿ ಒಂದು ನಕ್ಷತ್ರ ಅಂದರೆ ಫುಲ್, ಮೂರು ಅಂದರೆ ಮಾಡಿಫೈಡ್, ನಾಲ್ಕು ಅಂದರೆ ಇಂಪ್ರೂವ್ಡ್ ಸಿಲಿಂಡರ್. ಟ್ಯೂಬಿನ ಅಂಚಿನಲ್ಲಿ ಕೊರೆದ ಕಚ್ಚುಗಳದೂ ಇದೇ ಲೆಕ್ಕ: ಒಂದು ಕಚ್ಚು ಫುಲ್, ಐದು ಕಚ್ಚು ಸಿಲಿಂಡರ್. ಹೆಚ್ಚು ನಕ್ಷತ್ರ ಹೆಚ್ಚು ಬಿಗಿ ಅಂದುಕೊಂಡವರು ಸರಿಯಾಗಿ ಉಲ್ಟಾ ಓದುತ್ತಾರೆ. ಎಲ್ಲ ಕಂಪನಿಗಳೂ ಇದನ್ನೇ ಪಾಲಿಸುವುದಿಲ್ಲ ಅನ್ನುವುದು ಇನ್ನೊಂದು ತಲೆನೋವು. ಅದಕ್ಕಿಂತ ಮುಖ್ಯ, ಗುರುತು ಹೇಳುವುದು ಕಾರ್ಖಾನೆಯಿಂದ ಹೊರಟ ದಿನದ ಸ್ಥಿತಿಯನ್ನು. ಆಮೇಲೆ ಬಾಯಿ ಜಜ್ಜಿಹೋಗಿ ಯಾರೋ ಎರಡು ಅಂಗುಲ ಕತ್ತರಿಸಿದ್ದರೆ? ಚೋಕ್ ಆ ತುಂಡಿನ ಜೊತೆಗೇ ಹೋಯಿತು. ಮುದ್ರೆ ಮಾತ್ರ ಹಿಂದೆ ಉಳಿದು ಫುಲ್ ಫುಲ್ ಅನ್ನುತ್ತಿರುತ್ತದೆ.

ನಾಣ್ಯ ಹಾಕಿ ನೋಡುವ ಪಂಡಿತರೂ ಇದ್ದಾರೆ. ಇದು ಅಮೆರಿಕದಿಂದ ಬಂದ ವಿದ್ಯೆ, ಅಲ್ಲಿನ ಡೈಮ್ ನಾಣ್ಯ ಬಾಯಿಯೊಳಗೆ ಹೋಗದಿದ್ದರೆ ಫುಲ್ ಚೋಕ್ ಅಂತೆ. ಚೋಕ್ ಅನ್ನುವುದು ಎರಡು ಅಳತೆಗಳ ನಡುವಿನ ವ್ಯತ್ಯಾಸ. ನಾಣ್ಯ ನೋಡುವುದು ಬಾಯಿ ಒಂದನ್ನೇ. ಒಳಗೆ ನಳಿಗೆ 18.5 ಇದೆಯೋ 18.8 ಇದೆಯೋ ಅದಕ್ಕೇನು ಗೊತ್ತು? ಬಾಯಿ ಒಂದೇ ಇದ್ದರೂ ಒಂದು ಹಾಫ್, ಇನ್ನೊಂದು ಹೆಚ್ಚುಕಡಿಮೆ ಫುಲ್ ಆಗಿರಬಹುದು.

"ಬಿಗಿ ಇದ್ದಷ್ಟೂ ಒಳ್ಳೇದೇ ಅಲ್ವಾ?" ಅಲ್ಲ. 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ಫುಲ್ ಚೋಕ್ ಸುಮಾರು ನೂರಕ್ಕೆ 70 ಚರೆ ಹಾಕಬೇಕು, ಮಾಡಿಫೈಡ್ 60, ಇಂಪ್ರೂವ್ಡ್ 50, ಸಿಲಿಂಡರ್ 40. ದೂರಕ್ಕೆ ಬಿಗಿ ಬೇಕು, ಹತ್ತಿರಕ್ಕೆ ಹರಡಬೇಕು. ಅದಕ್ಕೇ ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಬಲದ್ದು ಸಡಿಲ, ಎಡದ್ದು ಬಿಗಿ. ಮಾಡಿದವನು ಯೋಚಿಸಿಯೇ ಮಾಡಿದ್ದಾನೆ.

ಈಗ ಅಪಾಯದ ಮಾತು. ಬಿಗಿ ಚೋಕಿನಲ್ಲಿ ಚರೆಯ ಬದಲು ದೊಡ್ಡ ಗುಂಡು ಹಾಕಿದರೆ, ಆ ಗುಂಡು ಬಾಯಿಗಿಂತ ದಪ್ಪವಿದ್ದರೆ, ನಳಿಗೆ ಉಬ್ಬಬಹುದು, ಸೀಳಬಹುದು. 1875ರಿಂದ 1887ರ ತನಕ ಇಂಗ್ಲೆಂಡಿನಲ್ಲಿ ಚೋಕ್ ಇರುವ ನಳಿಗೆಗಳನ್ನು ಪರೀಕ್ಷಿಸಿ 'ನಾಟ್ ಫಾರ್ ಬಾಲ್' ಅಂತ ಮುದ್ರೆ ಒತ್ತುತ್ತಿದ್ದರು. ಅಂಥ ಮುದ್ರೆಯ ಕೋವಿ ಯಾರ ಮನೆಯಲ್ಲಾದರೂ ಇದ್ದರೆ ಅದು ಅಲಂಕಾರವಲ್ಲ, ಎಚ್ಚರಿಕೆ. ಟ್ಯೂಬ್ ಇರುವ ಕೋವಿಯವರೂ ಕೇಳಿ: ಒಂದು ಕಂಪನಿಯ ಟ್ಯೂಬ್ ಇನ್ನೊಂದಕ್ಕೆ ಹೊಂದುತ್ತದೆ ಅಂತ ತಿರುಗಿಸಬೇಡಿ, ಅರ್ಧ ತಿರುಗಿಸಿ ಬಿಡಬೇಡಿ, ಟ್ಯೂಬ್ ಇಲ್ಲದೆ ಈಡು ಹೊಡೆಯಲೇಬೇಡಿ.

ಕೊನೆಗೆ ಬರುವ ಬ್ರಹ್ಮಾಸ್ತ್ರ ಗೊತ್ತೇ ಇದೆ: "ನಮಗೆ ಲೈಸೆನ್ಸೇ ಬೇಡ, ನೀನ್ಯಾರು ಹೇಳೋಕೆ?" ಹೌದು, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನನಗೂ ಅದರ ಬಗ್ಗೆ ಹೆಮ್ಮೆಯಿದೆ. ಆದರೆ ವಿನಾಯಿತಿ ಸಿಕ್ಕಿರುವುದು ಪರವಾನಗಿಯಿಂದ, ತಿಳಿವಳಿಕೆಯಿಂದಲ್ಲ. ಕೋವಿ ನಮ್ಮ ಸಂಸ್ಕೃತಿ ಅಂತ ಕೋರ್ಟಿನಲ್ಲಿ ವಾದಿಸುವ ಜನಕ್ಕೆ ಆ ಕೋವಿಯ ಬಾಯಿ ಎಷ್ಟು ಅಗಲ ಅಂತ ಗೊತ್ತಿಲ್ಲದಿದ್ದರೆ ಎದುರು ಪಾರ್ಟಿ ನಗದೆ ಇನ್ನೇನು ಮಾಡುತ್ತದೆ?

ಹಾಗಾಗಿ ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದಿಗೆ ಊರಿಗೆ ಹೋಗುವವರು ಸೇವ್, ಖಾಖ್ರಾದ ಜೊತೆ ಒಂದು ಬೋರ್ ಗೇಜ್ ಕೂಡ ತೆಗೆದುಕೊಂಡು ಹೋಗಿ. ವಿಮಾನವಾದರೆ ಚೆಕ್-ಇನ್ ಬ್ಯಾಗಿನಲ್ಲಿ! ಮೊದಲು ಕೋವಿ ಮುರಿದು ತೋಟೆ ಇಲ್ಲವೆಂದು ಎರಡು ಸಲ ನೋಡಿ. ನಳಿಗೆ ಒರೆಸಿ. ಬಾಯಿಯಿಂದ ಆರೆಂಟು ಅಂಗುಲ ಒಳಗೆ ಒಂದು ಅಳತೆ, ಬಾಯಿಯ ಅತಿ ಕಿರಿದಾದ ಜಾಗದಲ್ಲಿ ಒಂದು ಅಳತೆ. ಕಳೆಯಿರಿ. ಎರಡೂ ನಳಿಗೆಯ ಲೆಕ್ಕ ಚೀಟಿಯಲ್ಲಿ ಬರೆದು ಕೋವಿಯ ಪೆಟ್ಟಿಗೆಯೊಳಗೆ ಇಡಿ. ಸಂದೇಹವಿದ್ದರೆ ತಿಳಿದ ಗನ್‌ಸ್ಮಿತ್‌ಗೆ ತೋರಿಸಿ. ಆಮೇಲೆ ತೋಕ್‌ಪೂ ಮುಡಿಸಿ, ಪೂಜೆ ಮಾಡಿ, ಕಡುಬು ತಿನ್ನಿ.

ಮುಂದಿನ ಸಲ ಸೂರತ್ತಿನಲ್ಲಿ ಸೇರಿದಾಗ ಯಾರಾದರೂ ಫುಲ್ ಚೋಕ್ ಅಂದರೆ ನಾನು ಚೀಟಿ ಕೇಳುವವನೇ. ಅಜ್ಜನ ಹೆಸರು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.